ಚಿಪ್‌ಗೂ ಬೇಕು ಗಡಿಯಾರ, ಕಾವಲುನಾಯಿ

ಬಸವಾಪಟ್ಟಣದ ಸುತ್ತಮುತ್ತಲ ಅಡಿಕೆ ತೋಟಗಳಲ್ಲಿ ಕರೆಂಟು ಬರುವುದನ್ನೇ ಕಾಯುತ್ತ ಮೋಟಾರಿನ ಪಕ್ಕ ರಾತ್ರಿಯಿಡೀ ಕೂರುವ ಕಷ್ಟ ಈಗ ಎಷ್ಟೋ ತಗ್ಗಿದೆ. ಕರೆಂಟು ಬಂದ ಕೂಡಲೇ ಆಟೊ ಸ್ಟಾರ್ಟರ್ ಮೋಟಾರನ್ನು ತಾನೇ ಓಡಿಸುತ್ತದೆ. ಮೊಬೈಲಿನಿಂದ ಆನ್, ಆಫ್ ಮಾಡುವ ಸ್ಟಾರ್ಟರುಗಳೂ ಬಂದಿವೆ. ಇಂಥ ಡಬ್ಬಿಯೊಳಗೆ ಉಗುರಿನಗಲದ ಒಂದು ಚಿಪ್ ಇರುತ್ತದೆ. ಅದೇ ಮೈಕ್ರೊಕಂಟ್ರೋಲರ್. ಮೂರೂ ಫೇಸ್ ಇವೆಯೇ, ವೋಲ್ಟೇಜ್ ಸಾಕಷ್ಟಿದೆಯೇ, ನೀರಿಲ್ಲದೆ ಮೋಟಾರು ಬರಿದೇ ಓಡುತ್ತಿದೆಯೇ ಎಂದು ಅದು ಪದೇ ಪದೇ ನೋಡುತ್ತಿರುತ್ತದೆ.

ಆ ಚಿಪ್ಪೇ ನಡುರಾತ್ರಿಯಲ್ಲಿ ಮಂಕು ಬಡಿದಂತೆ ನಿಂತುಬಿಟ್ಟರೆ? ಬೋರ್‌ವೆಲ್ ಬತ್ತಿದರೂ ಮೋಟಾರು ಓಡುತ್ತಲೇ ಇರುತ್ತದೆ, ವೈಂಡಿಂಗ್ ಸುಡುತ್ತದೆ. ಪಂಪು ಮೇಲೆತ್ತಿಸಿ ರೀವೈಂಡಿಂಗ್ ಮಾಡಿಸುವ ಖರ್ಚು ರೈತನ ತಲೆಗೆ. ಇದನ್ನು ತಪ್ಪಿಸಲು ಚಿಪ್ಪಿನಲ್ಲಿ ಎರಡು ವ್ಯವಸ್ಥೆಗಳಿವೆ. ಒಂದು ಗಡಿಯಾರ, ಇನ್ನೊಂದು ಕಾವಲುನಾಯಿ. ಎಲೆಕ್ಟ್ರಾನಿಕ್ಸ್ ಓದುವ ವಿದ್ಯಾರ್ಥಿಗಳು ಇವೆರಡರ ಹೆಸರನ್ನು ಪುಸ್ತಕದಲ್ಲಿ ಓದಿರುತ್ತಾರೆ. ಆದರೆ ಪ್ರಾಜೆಕ್ಟ್ ಮಾಡುವಾಗ ಹೆಚ್ಚಾಗಿ ಮರೆಯುವುದೂ ಇವೆರಡನ್ನೇ.

ಹರಳಿನ ಮಿಡಿತ

ಮೈಕ್ರೊಕಂಟ್ರೋಲರಿನ ಪ್ರತಿಯೊಂದು ಕೆಲಸವೂ ಒಂದು ತಾಳಕ್ಕೆ ಸರಿಯಾಗಿ ನಡೆಯುತ್ತದೆ. ಆ ತಾಳ ಹಾಕುವ ಮಂಡಲಕ್ಕೆ ಆಸಿಲೇಟರ್ ಎಂದು ಹೆಸರು. ಕಾಲೇಜುಗಳಲ್ಲಿ ಮೊದಲ ಪಾಠಕ್ಕೆ ಬಳಸುವ 8051 ಚಿಪ್ಪನ್ನು ಇಂಟೆಲ್ ಕಂಪನಿ 1980ರಲ್ಲಿ ಹೊರತಂದಿತು. ಅದರ ಒಂದು ಹೆಜ್ಜೆಗೆ 12 ಮಿಡಿತ ಬೇಕು. 12 ಮೆಗಾಹರ್ಟ್ಸ್ ಹರಳು ಜೋಡಿಸಿದರೆ ಸೆಕೆಂಡಿಗೆ 10 ಲಕ್ಷ ಹೆಜ್ಜೆ.

ಹರಳು ಎಂದರೆ ಕ್ವಾರ್ಟ್ಜ್. ಇದನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದರು. ವಿದ್ಯುತ್ ಕೊಟ್ಟರೆ ಇದೇ ಹರಳು ಅದುರುತ್ತದೆ. ಕೈಗಡಿಯಾರದ ಹರಳನ್ನು ಸೆಕೆಂಡಿಗೆ 32,768 ಸಲ ಅದುರುವಂತೆ ಕತ್ತರಿಸಿರುತ್ತಾರೆ. ಈ ಸಂಖ್ಯೆಯನ್ನು ಎರಡರಿಂದ 15 ಬಾರಿ ಭಾಗಿಸಿ ನೋಡಿ, ಸರಿಯಾಗಿ ಒಂದು ಉಳಿಯುತ್ತದೆ. ಅದೇ ಒಂದು ಸೆಕೆಂಡು.

ಈ ಹರಳಿನ ಬಿಸಿ ಕರ್ನಾಟಕಕ್ಕೂ ತಟ್ಟಿದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನ ಎಚ್‌ಎಂಟಿ ಕೈಗಡಿಯಾರ ತಯಾರಿಸತೊಡಗಿತು. ಅದರ ಕೀಲಿ ಗಡಿಯಾರಗಳು ಮದುವೆಯ ಉಡುಗೊರೆಗಳಾಗಿ ಮನೆಮನೆ ಸೇರಿದವು. ಕ್ವಾರ್ಟ್ಜ್ ಗಡಿಯಾರಗಳು ಮಾರುಕಟ್ಟೆ ತುಂಬಿದ ಮೇಲೆ ಪೈಪೋಟಿಯಲ್ಲಿ ಅದು ಹಿಂದೆ ಬಿತ್ತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು.

ಹರಳಿಲ್ಲದೆಯೂ ಚಿಪ್ ನಡೆಯುತ್ತದೆ. ರೆಸಿಸ್ಟರ್, ಕೆಪಾಸಿಟರ್ ಸೇರಿದ ಅಗ್ಗದ ಆಸಿಲೇಟರ್ ಹಲವು ಚಿಪ್ಪುಗಳ ಒಳಗೇ ಇರುತ್ತದೆ. ಆದರೆ ಬಿಸಿಲಿಗೆ, ವೋಲ್ಟೇಜಿಗೆ ಅದರ ತಾಳ ತಪ್ಪುತ್ತದೆ. ನೂರಕ್ಕೆ ಒಂದು ಪಾಲು ತಪ್ಪಿದರೂ ದಿನಕ್ಕೆ ಹದಿನಾಲ್ಕು ನಿಮಿಷಕ್ಕೂ ಹೆಚ್ಚು ವ್ಯತ್ಯಾಸವಾಗುತ್ತದೆ. ಹತ್ತು ಲಕ್ಷಕ್ಕೆ 20 ಪಾಲು ತಪ್ಪುವ ಸಾಧಾರಣ ಹರಳಿನಲ್ಲಿ ಅದು ದಿನಕ್ಕೆ ಎರಡು ಸೆಕೆಂಡಿಗೂ ಕಡಿಮೆ. ದೀಪ ಮಿನುಗಿಸಲು ಅಗ್ಗದ ಆಸಿಲೇಟರ್ ಸಾಕು. ಬೆಳಗಿನ ಐದಕ್ಕೆ ನೀರು ಬಿಡಬೇಕಾದರೆ ಹರಳೇ ಬೇಕು.

ಗಡಿಯಾರ ಕೆಟ್ಟರೆ ಎಷ್ಟು ದೊಡ್ಡ ಯಂತ್ರವೂ ನಿಷ್ಪ್ರಯೋಜಕ. ಇಸ್ರೊ 2013ರ ಜುಲೈ 1ರಂದು ಹಾರಿಸಿದ ಐಆರ್‌ಎನ್‌ಎಸ್‌ಎಸ್-1ಎ ಉಪಗ್ರಹದಲ್ಲಿ ಆಮದು ಮಾಡಿಕೊಂಡ ಮೂರು ಪರಮಾಣು ಗಡಿಯಾರಗಳಿದ್ದವು. ಮೂರೂ ಕೆಟ್ಟವು. ಉಪಗ್ರಹ ಆಕಾಶದಲ್ಲಿದ್ದರೂ ದಾರಿ ತೋರುವ ಮುಖ್ಯ ಕೆಲಸಕ್ಕೆ ಬಾರದಾಯಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹ ನಮ್ಮ ದೇಶದಲ್ಲೇ ತಯಾರಾದ ಪರಮಾಣು ಗಡಿಯಾರವನ್ನು ಹೊತ್ತೊಯ್ದಿತು.

ಬೊಗಳುವ ಟೈಮರ್

ಗಡಿಯಾರ ಸರಿಯಿದ್ದರೂ ಚಿಪ್ ದಾರಿ ತಪ್ಪಬಹುದು. ಮೋಟಾರ್ ಸ್ಟಾರ್ಟ್ ಆದಾಗ ವೋಲ್ಟೇಜ್ ಒಮ್ಮೆಲೇ ಕುಸಿಯಬಹುದು. ಸೆನ್ಸರಿನ ತಂತಿಯನ್ನು ಇಲಿ ಕಡಿದಿರಬಹುದು. ಬಾರದ ಉತ್ತರಕ್ಕೆ ಪ್ರೋಗ್ರಾಂ ಕಾಯುತ್ತಲೇ ಕೂತಿರಬಹುದು. ಮನೆಯಲ್ಲಾದರೆ ಸ್ವಿಚ್ ಆರಿಸಿ ಮತ್ತೆ ಹಾಕುತ್ತೇವೆ. ತೋಟದಲ್ಲಿ ಯಾರು ಹಾಕಬೇಕು?

ಅದಕ್ಕಾಗಿಯೇ ವಾಚ್‌ಡಾಗ್ ಟೈಮರ್. ಹೊತ್ತಿಗೆ ಸರಿಯಾಗಿ ಯಜಮಾನ ರೊಟ್ಟಿ ಹಾಕಿದರೆ ನಾಯಿ ಸುಮ್ಮನಿರುತ್ತದೆ, ಹೊತ್ತು ಮೀರಿದರೆ ಬೊಗಳುತ್ತದೆ. ಈ ಟೈಮರ್ ಕೂಡ ಹಾಗೆಯೇ ಎಣಿಸುತ್ತಿರುತ್ತದೆ. ನಿಗದಿತ ಅವಧಿ ಮುಗಿಯುವ ಮುನ್ನ ಪ್ರೋಗ್ರಾಂ ಅದನ್ನು ಮತ್ತೆ ಮೊದಲಿನಿಂದ ಎಣಿಸುವಂತೆ ಮಾಡಬೇಕು. ಮಾಡದಿದ್ದರೆ ಅದು ಚಿಪ್ಪನ್ನೇ ರೀಸೆಟ್ ಮಾಡುತ್ತದೆ. ಆರ್ಡುಯಿನೊ ಊನೊ ಬೋರ್ಡಿನ ಎಟಿಮೆಗಾ328ಪಿ ಚಿಪ್ಪಿನಲ್ಲಿ ಈ ಅವಧಿಯನ್ನು ಸುಮಾರು 8 ಸೆಕೆಂಡಿನವರೆಗೆ ಇಡಬಹುದು. ಮುಖ್ಯ ಹರಳು ನಿಂತರೂ ಕಾವಲು ನಿಲ್ಲಬಾರದಲ್ಲವೇ? ಆದ್ದರಿಂದ ಈ ಟೈಮರಿಗೆ ಪ್ರತ್ಯೇಕವಾದ 128 ಕಿಲೊಹರ್ಟ್ಸ್ ಆಸಿಲೇಟರನ್ನೇ ಕೊಟ್ಟಿದ್ದಾರೆ.

ನಾಯಿ ಇದ್ದರೆ ಏನು, ಇಲ್ಲದಿದ್ದರೆ ಏನು ಎಂಬುದಕ್ಕೆ ಎರಡು ನಿದರ್ಶನಗಳಿವೆ. ಚಂದ್ರನ ನಕ್ಷೆ ತೆಗೆದ ಅಮೆರಿಕದ ಕ್ಲೆಮೆಂಟೈನ್ ನೌಕೆಯ ಕಂಪ್ಯೂಟರ್ 1994ರ ಮೇ 7ರಂದು ಸ್ತಬ್ಧವಾಯಿತು. ಅದರಲ್ಲಿದ್ದ ವಾಚ್‌ಡಾಗ್ ಸೌಲಭ್ಯವನ್ನು ಬಳಸಿರಲಿಲ್ಲ. ತಿರುಗಿಸುವ ರಾಕೆಟ್‌ಗಳು 11 ನಿಮಿಷ ಉರಿದು ಇಂಧನ ಖಾಲಿಯಾಯಿತು; ಕ್ಷುದ್ರಗ್ರಹದ ಭೇಟಿ ತಪ್ಪಿತು. 1997ರ ಜುಲೈ 4ರಂದು ಮಂಗಳಕ್ಕಿಳಿದ ಪಾತ್‌ಫೈಂಡರ್ ಕಂಪ್ಯೂಟರಿಗೂ ಮಂಕು ಬಡಿಯುತ್ತಿತ್ತು. ಆದರೆ ಅದರಲ್ಲಿ ಕಾವಲಿನ ವ್ಯವಸ್ಥೆ ಎಚ್ಚರವಾಗಿತ್ತು. ಅದು ಪ್ರತಿಸಲವೂ ಕಂಪ್ಯೂಟರನ್ನು ರೀಸೆಟ್ ಮಾಡಿತು. ವಿಜ್ಞಾನಿಗಳು ಭೂಮಿಯಿಂದಲೇ ದೋಷ ಹುಡುಕಿ ಸರಿಪಡಿಸಿದರು.

ವಿದ್ಯಾರ್ಥಿಗಳು ಗಮನಿಸಿ

ನಾಯಿ ಸಾಕಿದರಷ್ಟೇ ಸಾಲದು. ಪ್ರೋಗ್ರಾಮಿನ ಕಂಡಕಂಡಲ್ಲಿ ಟೈಮರನ್ನು ಮರಳಿಸಬೇಡಿ. ಟೈಮರ್ ಇಂಟರಪ್ಟಿನಲ್ಲಿ ಅದನ್ನು ಮರಳಿಸುವುದಂತೂ ಕೂಡದು. ಮುಖ್ಯ ಕೆಲಸ ನಿಂತರೂ ಇಂಟರಪ್ಟ್ ನಡೆಯುತ್ತಿರಬಹುದು, ನಾಯಿ ಮೋಸ ಹೋಗುತ್ತದೆ. ಎಲ್ಲ ಕೆಲಸಗಳೂ ಮುಗಿದವೆಂದು ಖಚಿತವಾದ ಮೇಲೆ ಒಂದೇ ಕಡೆ ಮರಳಿಸಿ. ರೀಸೆಟ್ ಆದೊಡನೆ ಮೊದಲು ಮೋಟಾರು ಆಫ್ ಆಗಲಿ, ನಂತರ ತಪಾಸಣೆ ನಡೆಯಲಿ. ರೀಸೆಟ್ಟಿಗೆ ಕಾರಣ ವಾಚ್‌ಡಾಗೇ ಎಂಬುದನ್ನು ಚಿಪ್ ಗುರುತಿಟ್ಟಿರುತ್ತದೆ; ಅದನ್ನು ದಾಖಲಿಸಿ. ನಾಯಿ ದಿನವೂ ಬೊಗಳುತ್ತಿದ್ದರೆ ಕಳ್ಳನನ್ನು ಹುಡುಕಬೇಕೇ ಹೊರತು ನಾಯಿಯನ್ನು ಗದರಿಸಬಾರದು.

ತಂದೆ ತಾಯಿಗಳಿಗೆ ಒಂದು ಮಾತು. ಮಕ್ಕಳು ಮಾಡಿದ ಮಾದರಿ ಮೇಜಿನ ಮೇಲೆ ಚೆನ್ನಾಗಿ ನಡೆದರೆ ಬೆನ್ನು ತಟ್ಟಿ. ಜೊತೆಗೆ, 'ಇದು ನಡುವೆ ನಿಂತರೆ ಏನಾಗುತ್ತದೆ, ತೋರಿಸು' ಎಂದೂ ಕೇಳಿ. ಬೇಕೆಂದೇ ಪ್ರೋಗ್ರಾಮನ್ನು ನಿಲ್ಲಿಸಿ, ಅದು ತಾನಾಗಿ ಎದ್ದು ಮೋಟಾರು ಆಫ್ ಮಾಡಿದ್ದನ್ನು ಅವರು ತೋರಿಸಿದರೆ, ಆ ಡಬ್ಬಿಯನ್ನು ತೋಟಕ್ಕೆ ಕೊಂಡೊಯ್ಯುವ ಯೋಚನೆ ಮಾಡಬಹುದು.