ಊಟದ ಗಾಡಿ ನಿಂತಾಗ ಮೊದಲು ಪಂಪಿನ ಸದ್ದು ಕೇಳಿ



ದೆಹಲಿ, ನೋಯಿಡಾ, ಗುರುಗ್ರಾಮದಲ್ಲಿ ಕೇಟರಿಂಗ್ ಮಾಡುವ ನಮಗೆ ಒಲೆಯಷ್ಟೇ ಗಾಡಿಯೂ ಮುಖ್ಯ. ಮುಹೂರ್ತದ ದಿನ ಇಡ್ಲಿ, ಸಾಂಬಾರು ತುಂಬಿದ ಈಕೋ ಫ್ಲೈಓವರ್ ಮೇಲೆ ನಿಂತರೆ ಛತ್ರದಲ್ಲಿ ಎಲೆ ಹಾಕಿಕೊಂಡು ಕುಳಿತವರಿಗೆ ಏನು ಹೇಳುವುದು? ಮೆಕ್ಯಾನಿಕ್ ಬಂದವನೇ 'ಪಂಪ್ ಗಯಾ' ಎನ್ನುತ್ತಾನೆ. ಅವನ ಮಾತಿಗೆ ಹೂಂ ಎನ್ನುವ ಮೊದಲು ನಾವೇ ಕೆಲವು ಪರೀಕ್ಷೆ ಮಾಡಬಹುದು.

ಹಳೆಯ ಕಾರ್ಬುರೇಟರ್ ಓಮ್ನಿಯಲ್ಲಿ ಪಂಪು ಎಂಜಿನ್ನಿಗೇ ಅಂಟಿಕೊಂಡಿತ್ತು. ಈಗಿನ ಗಾಡಿಗಳಲ್ಲಿ ಅದು ಪೆಟ್ರೋಲ್ ಟ್ಯಾಂಕಿನೊಳಗೆ ಮುಳುಗಿರುವ ಸಣ್ಣ ಕರೆಂಟ್ ಮೋಟರು. ಕೀಲಿ 'ಆನ್'ಗೆ ತಿರುಗಿಸಿ, ಸ್ಟಾರ್ಟ್ ಮಾಡದೆ, ಹಿಂದೆ ಟ್ಯಾಂಕಿನ ಕಡೆ ಕಿವಿಗೊಡಿ. ಸಾಮಾನ್ಯವಾಗಿ ಎರಡು ಸೆಕೆಂಡು 'ಗುಂಯ್' ಎಂಬ ಸದ್ದು ಬರಬೇಕು. ಬರದಿದ್ದರೆ ಪಂಪನ್ನು ಬೈಯುವ ಮೊದಲು ಫ್ಯೂಸ್ ನೋಡಿ. ಆಮೇಲೆ ರಿಲೇ. ಪಕ್ಕದಲ್ಲೇ ಅದೇ ನಂಬರಿನ ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಿ. ಅದೂ ಸರಿಯಿದ್ದರೆ ಪಂಪಿನ ಪ್ಲಗ್ಗಿನವರೆಗೆ ಕರೆಂಟು ಬರುತ್ತಿದೆಯೇ ಎಂದು ಮೀಟರಿನಲ್ಲಿ ನೋಡಿಸಿ. ಕರೆಂಟು, ಅರ್ಥಿಂಗ್ ಎರಡೂ ಇದ್ದು ಸದ್ದಿಲ್ಲವೆಂದರೆ ಮಾತ್ರ ಪಂಪು ಸತ್ತಿದೆ.

ಸದ್ದು ಬಂದಿತು ಎಂದಾಕ್ಷಣ ಎಲ್ಲ ಸರಿಯಿದೆ ಎಂದೂ ಅಲ್ಲ. ತಿರುಗುವುದು ಬೇರೆ, ಒತ್ತಡ ಕೊಡುವುದು ಬೇರೆ. ಇಂಥ ಪೆಟ್ರೋಲ್ ಗಾಡಿಗಳಿಗೆ ಸುಮಾರು 3 ಬಾರ್, ಅಂದರೆ 43-44 ಪಿ.ಎಸ್.ಐ. ಬೇಕು, ನಮ್ಮ ಕಾರಿನ ಟೈರಿನ ಗಾಳಿಗಿಂತ ಹೆಚ್ಚು. ನಿಮ್ಮ ಮಾಡೆಲ್ಲಿನ ನಿಖರ ಲೆಕ್ಕ ಸರ್ವಿಸ್ ಪುಸ್ತಕದಲ್ಲಿದೆ. ಗೇಜ್ ಹಾಕಿಸಿ ಅಳೆಸಿ. ಬೀಡಿ, ಒಲೆ ಹತ್ತಿರವಿರಬಾರದು. ಪೈಪ್ ಬಿಚ್ಚುವ ಮೊದಲು ಒತ್ತಡ ಇಳಿಸಬೇಕು. ಈ ಕೆಲಸ ಗ್ಯಾರೇಜಿನವರೇ ಮಾಡಲಿ.

ಖಾಲಿ ಗಾಡಿ ಚೆನ್ನಾಗಿ ಓಡಿ, ಪಾತ್ರೆ ತುಂಬಿದಾಗ ಏರಿನಲ್ಲಿ ಎಳೆಯದಿದ್ದರೆ ಫಿಲ್ಟರ್ ಕಟ್ಟಿರಬಹುದು, ಇಲ್ಲವೇ ಪಂಪು ಸೋತಿರಬಹುದು. ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾಗಿ, ಆಮೇಲೆ ಸರಿಯಾಗಿ ಓಡಿದರೆ, ಆಫ್ ಮಾಡಿದ ಮೇಲೆ ಒತ್ತಡ ಬೇಗ ಇಳಿಯುತ್ತಿದೆಯೇ ನೋಡಿಸಿ. ಪಂಪಿನ ವಾಲ್ವ್, ರೆಗ್ಯುಲೇಟರ್ ಅಥವಾ ಇಂಜೆಕ್ಟರ್ ಸೋರುತ್ತಿರಬಹುದು.

ನಮ್ಮ ದೆಹಲಿಯ ವಿಶೇಷವೆಂದರೆ ಸಿ.ಎನ್.ಜಿ. 1998ರ ಸುಪ್ರೀಂ ಕೋರ್ಟ್ ಆದೇಶದಿಂದ ಬಸ್ಸು, ಆಟೋಗಳಿಗೆ ಬಂದದ್ದು ಖರ್ಚಿನ ದೃಷ್ಟಿಯಿಂದ ನಮ್ಮ ಗಾಡಿಗಳಿಗೂ ಬಂತು. ಇದರಿಂದ ಪರೀಕ್ಷೆಗೆ ಒಂದು ಅನುಕೂಲ ಉಂಟು. ಗ್ಯಾಸಿನಲ್ಲಿ ಚೆನ್ನಾಗಿ ಓಡಿ ಪೆಟ್ರೋಲಿನಲ್ಲಿ ಮಾತ್ರ ಜಗ್ಗಿದರೆ ದೋಷ ಪೆಟ್ರೋಲ್ ಕಡೆಯದು. ಎರಡರಲ್ಲೂ ಜಗ್ಗಿದರೆ ಪ್ಲಗ್, ಕಾಯಿಲ್, ಏರ್ ಫಿಲ್ಟರ್ ಕಡೆ ಮೊದಲು ನೋಡಿ.

ಆದರೆ ಪಂಪು ಸುಡುವುದೂ ಈ ಗ್ಯಾಸಿನ ಗಾಡಿಗಳಲ್ಲೇ. 'ಗ್ಯಾಸ್ ಇದೆಯಲ್ಲ ಸಾರ್' ಎಂದು ಡ್ರೈವರ್ ಟ್ಯಾಂಕಿನಲ್ಲಿ ಎರಡು ಲೀಟರ್ ಮಾತ್ರ ಇಟ್ಟಿರುತ್ತಾನೆ. ಪಂಪನ್ನು ತಣ್ಣಗಿಡುವುದು ಸುತ್ತಲಿನ ಪೆಟ್ರೋಲೇ. ಕೆಲವು ಕಿಟ್ಟುಗಳಲ್ಲಿ ಗ್ಯಾಸಿನಲ್ಲಿ ಓಡುವಾಗಲೂ ಪಂಪು ತಿರುಗುತ್ತಿರುತ್ತದೆ. ಮೇ-ಜೂನ್ ಬಿಸಿಲಲ್ಲಿ ಅದರ ಗತಿ ಕೇಳಬೇಡಿ. ಕಾಲು ಟ್ಯಾಂಕು ಯಾವಾಗಲೂ ಇರಲಿ, ವಾರಕ್ಕೊಮ್ಮೆ ಸ್ವಲ್ಪ ದೂರ ಪೆಟ್ರೋಲಿನಲ್ಲೂ ಓಡಿಸಿ.

ಪಂಪು ಬದಲಿಸಲೇಬೇಕಾದರೆ ಗೇಜಿನ ಲೆಕ್ಕವನ್ನು ಬಿಲ್ಲಿನಲ್ಲಿ ಬರೆಸಿ, ಹಳೆಯದನ್ನು ವಾಪಸ್ ಕೇಳಿ ಪಡೆಯಿರಿ. ಅದರ ಬಾಯಿಯ ಜಾಲರಿ ಕೆಸರಿನಿಂದ ಮುಚ್ಚಿದ್ದರೆ ಟ್ಯಾಂಕ್ ತೊಳೆಸದೆ ಹೊಸದನ್ನು ಕೂರಿಸಲು ಬಿಡಬೇಡಿ.