ಗ್ರೀಕ್ ವೀರನ ಕಥೆ ಬರೆಯಹೊರಟವರಿಗೆ

(ಬಾನುಲಿ ಭಾಷಣ)

ಕಳೆದ ವರ್ಷ ಆಷಾಢದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಈಗ ಆಕೆ ಪ್ರೌಢಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಕೈಯಲ್ಲಿ ತಾನು ಬರೆಯುತ್ತಿದ್ದ ನಾಟಕದ ಮೊದಲ ಅಂಕದ ಹಸ್ತಪ್ರತಿಯಿತ್ತು. ವಸ್ತು ಟ್ರಾಯ್ ಯುದ್ಧದ ಮಹಾವೀರನಾದ ಐಆಸನದು; ಇಂಗ್ಲಿಷಿನ ಮೂಲಕ ನಮಗೆ ಏಜಾಕ್ಸ್ ಎಂದು ಪರಿಚಿತನಾದವನು. ಆದರೆ ಆಕೆಯ ನಾಟಕದ ನಡುವೆ ನಿಂತಿದ್ದವಳು ಆ ವೀರನಲ್ಲ. ಅವನು ಸೆರೆಹಿಡಿದು ತಂದು ಮಡದಿಯಂತೆ ಇರಿಸಿಕೊಂಡಿದ್ದ ಟೆಕ್ಮೆಸ್ಸ. “ಮೇಷ್ಟ್ರೇ, ಐಆಸ್ ಸತ್ತ ಮೇಲೆ ಟೆಕ್ಮೆಸ್ಸ ಏನಾದಳು? ಮೂಲದಲ್ಲಿ ಏನಿದೆ ಹೇಳಿ, ಹಾಗೆಯೇ ಬರೆಯುತ್ತೇನೆ” ಎಂದಳು.

ಮೂಲ ಎಂಬ ಆ ಮಾತು ಕಿವಿಗೆ ಬಿದ್ದೊಡನೆ ನನಗೆ ಸ್ವಲ್ಪ ಕಸಿವಿಸಿಯಾಯಿತು. ಸುಮಾರು ಮೂವತ್ತು ವರ್ಷಗಳ ಹಿಂದೆ, ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ, ಒಬ್ಬ ಹುಡುಗ ಮೀಡಿಯಳ ಕಥೆಯನ್ನು ಕಾದಂಬರಿಯಾಗಿ ಬರೆದು ತಂದಿದ್ದ. ಅದರಲ್ಲಿ ಮೀಡಿಯ ತನ್ನ ಮಕ್ಕಳನ್ನು ಕೊಲ್ಲುವುದಿಲ್ಲ. ಕೊರಿಂಥದ ಜನರು ಕೊಲ್ಲುತ್ತಾರೆ. ನಾನು ಕೆಂಪು ಶಾಯಿಯಲ್ಲಿ “ಮೂಲಕ್ಕೆ ವಿರುದ್ಧ” ಎಂದು ಬರೆದು ಹಿಂತಿರುಗಿಸಿದೆ. ಆಗ ನಾನು ಬಲ್ಲ ಮೀಡಿಯ ಎಂದರೆ ಯೂರಿಪಿಡೀಸ್ ಕ್ರಿ.ಪೂ. ೪೩೧ರಲ್ಲಿ ರಂಗಕ್ಕೆ ತಂದ ಮೀಡಿಯ ಮಾತ್ರ. ಹುಡುಗ ಒಂದು ಮಾತನ್ನೂ ಆಡದೆ ಹಸ್ತಪ್ರತಿಯನ್ನು ತೆಗೆದುಕೊಂಡು ಹೋದ. ಮತ್ತೆ ಅದನ್ನು ಯಾರಿಗೂ ತೋರಿಸಲಿಲ್ಲವೆಂದು ಅವನ ಗೆಳೆಯರು ಹೇಳಿದರು.

ಆಮೇಲೆ, ಹತ್ತು ವರ್ಷ ಕಳೆದ ಮೇಲೆ, ಪಾಸೇನಿಯಾಸನ ಪ್ರವಾಸಗ್ರಂಥವನ್ನು ಓದುತ್ತಿದ್ದಾಗ ಕೊರಿಂಥದ ವರ್ಣನೆಯಲ್ಲಿ ನನ್ನ ಕಣ್ಣು ನಿಂತಿತು. ಮೀಡಿಯಳ ಮಕ್ಕಳನ್ನು ಕೊರಿಂಥದವರೇ ಕಲ್ಲೆಸೆದು ಕೊಂದರೆಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಮಕ್ಕಳ ಸಮಾಧಿಯನ್ನೂ ಆತ ನಿರ್ದೇಶಿಸುತ್ತಾನೆ. ಯೂರಿಪಿಡೀಸನ ನಾಟಕಕ್ಕೆ ಪ್ರಾಚೀನರು ಬರೆದ ಟಿಪ್ಪಣಿಗಳಲ್ಲಂತೂ ಇನ್ನೂ ಸ್ವಾರಸ್ಯವಾದ ಒಂದು ಗಾಳಿಮಾತು ಉಳಿದಿದೆ: ತಮ್ಮ ಊರಿನ ಮೇಲಿದ್ದ ಶಿಶುಹತ್ಯೆಯ ಕಳಂಕವನ್ನು ತಾಯಿಯ ಮೇಲೆ ಹೊರಿಸುವುದಕ್ಕಾಗಿ ಕೊರಿಂಥದವರು ಕವಿಗೆ ಐದು ಟ್ಯಾಲೆಂಟ್ ಹಣವನ್ನು ಕೊಟ್ಟರಂತೆ! ಲಂಚದ ಮಾತನ್ನು ನಂಬಬೇಕಾಗಿಲ್ಲ. ಆದರೆ ತಾಯಿಯೇ ಬೇಕೆಂದು ಕೊಂದಳೆಂಬುದು ಯೂರಿಪಿಡೀಸನ ಕಲ್ಪನೆಯೇ ಇರಬೇಕೆಂದು ಅನೇಕ ವಿದ್ವಾಂಸರು ತಿಳಿಯುತ್ತಾರೆ. ಎಂದರೆ ನಾನು ಮೂಲವೆಂದು ಕರೆದದ್ದು ಒಬ್ಬ ನಾಟಕಕಾರ ಮಾಡಿಕೊಂಡ ಮಾರ್ಪಾಟು. ನನ್ನ ವಿದ್ಯಾರ್ಥಿ ಬರೆದದ್ದು ಅದಕ್ಕೆ ಭಿನ್ನವಾದ, ಪ್ರಾಯಶಃ ಅದಕ್ಕಿಂತ ಹಳೆಯದಾದ ಕಥೆ. ಅವನಿಗೆ ಅದು ತಿಳಿದಿತ್ತೋ, ಇಲ್ಲ ಅವನ ಮನಸ್ಸೇ ಹಾಗೆ ಹೇಳಿತೋ, ನಾನು ಕೇಳಲೇ ಇಲ್ಲ.

ಆದ್ದರಿಂದ ಈ ಉಪಾಧ್ಯಾಯಿನಿಗೆ ನಾನು ಮೊದಲು ಹೇಳಿದ ಮಾತು ಇದು: “ನೋಡಮ್ಮ, ಗ್ರೀಕರಲ್ಲಿ ವೀರನ ಕಥೆಗೆ ಒಂದೇ ಮೂಲವೆಂಬುದಿಲ್ಲ. ಯಾರು, ಯಾವ ಕಾಲದಲ್ಲಿ, ಯಾವ ಊರಿನವರಿಗಾಗಿ ಹೇಳಿದರು ಎಂಬುದನ್ನು ನೋಡಬೇಕು.” ಅನಂತರ ಇಬ್ಬರೂ ಕೂಡಿ ಐಆಸನ ಕಥೆಯನ್ನು ಪದರ ಪದರವಾಗಿ ಬಿಡಿಸುತ್ತಾ ಹೋದೆವು.

ಎಲ್ಲಕ್ಕಿಂತ ಕೆಳಗಿನ ಪದರ ಹೋಮರನದು. ‘ಇಲಿಯಡ್’ನಲ್ಲಿ ಐಆಸ್ ಸಲಾಮಿಸ್ ದ್ವೀಪದಿಂದ ಹನ್ನೆರಡು ಹಡಗುಗಳೊಡನೆ ಬಂದವನು, ಏಳು ಪದರ ಎತ್ತಿನ ಚರ್ಮ, ಅದರ ಮೇಲೊಂದು ಕಂಚಿನ ಪದರವುಳ್ಳ ಗೋಪುರದಂತಹ ಗುರಾಣಿಯನ್ನು ಹೊರುವವನು. ಮಾತು ಕಡಿಮೆ, ಹಿಂಜರಿಕೆ ಇಲ್ಲ. ಒಂದೆಡೆ ರಣರಂಗಕ್ಕೆ ಮಂಜು ಕವಿದಾಗ ಅವನು ದೇವತೆಯನ್ನು ಬೇಡುವುದು ಪ್ರಾಣವನ್ನಲ್ಲ, ಬೆಳಕನ್ನು. ಸಾಯಿಸುವುದಾದರೂ ಬೆಳಕಿನಲ್ಲಿ ಸಾಯಿಸು ಎನ್ನುತ್ತಾನೆ. ಏಳನೆಯ ಸರ್ಗದಲ್ಲಿ ಹೆಕ್ಟರನಿಗೂ ಅವನಿಗೂ ದ್ವಂದ್ವಯುದ್ಧ. ಕತ್ತಲಾಗಿ ಯುದ್ಧ ನಿಂತಾಗ ಹೆಕ್ಟರ್ ತನ್ನ ಖಡ್ಗವನ್ನು ಕೊಡುತ್ತಾನೆ, ಐಆಸ್ ತನ್ನ ಕೆನ್ನೀಲಿ ನಡುಪಟ್ಟಿಯನ್ನು ಕೊಡುತ್ತಾನೆ. ಈ ಎರಡು ಉಡುಗೊರೆಗಳನ್ನು ನೆನಪಿನಲ್ಲಿಡಿ. ಐಆಸನ ಸಾವಿನ ಮಾತು ‘ಇಲಿಯಡ್’ನಲ್ಲಿಲ್ಲ. ‘ಒಡಿಸ್ಸಿ’ಯ ಹನ್ನೊಂದನೆಯ ಸರ್ಗದಲ್ಲಿ ಒಡಿಸ್ಯೂಸ್ ಪರಲೋಕದ ಅಂಚಿನಲ್ಲಿ ಅವನ ಪ್ರೇತವನ್ನು ಕಂಡು ಸಮಾಧಾನದ ಮಾತುಗಳನ್ನಾಡುತ್ತಾನೆ. ಪ್ರೇತ ಉತ್ತರಿಸದೆ ಬೆನ್ನು ತಿರುಗಿಸಿ ಹೋಗುತ್ತದೆ. ಅಖಿಲೀಸನ ಆಯುಧಗಳು ತನಗೆ ಸಲ್ಲಬೇಕಾಗಿದ್ದಾಗ ಒಡಿಸ್ಯೂಸನಿಗೆ ಸಂದವೆಂಬ ಕೋಪ ಸತ್ತ ಮೇಲೂ ಆರಿಲ್ಲ.

ಆ ತೀರ್ಪನ್ನು ಕೊಟ್ಟವರು ಯಾರು? ಇಲ್ಲಿ ಪದರಗಳು ಬೇರೆಯಾಗತೊಡಗುತ್ತವೆ. ‘ಒಡಿಸ್ಸಿ’ ಹೇಳುವುದು ಟ್ರಾಯಿನ ಮಕ್ಕಳೂ ಅಥೀನಾ ದೇವಿಯೂ ಎಂದು. ಈಗ ಕಳೆದುಹೋಗಿ ಬಹುಮಟ್ಟಿಗೆ ಸಂಗ್ರಹರೂಪದಲ್ಲಿ ಉಳಿದಿರುವ ‘ಕಿರಿಯ ಇಲಿಯಡ್’ ಎಂಬ ಕಾವ್ಯದ ಪ್ರಸಂಗ ಬಹು ವಿಚಿತ್ರ. ನೆಸ್ಟರನ ಸಲಹೆಯಂತೆ ಗ್ರೀಕರು ಟ್ರಾಯಿನ ಕೋಟೆಗೋಡೆಯ ಕೆಳಗೆ ಬೇಹಿನವರನ್ನು ಕಳುಹಿಸುತ್ತಾರೆ. ಒಳಗೆ ಹುಡುಗಿಯರು ಹರಟುತ್ತಿದ್ದಾರೆ. ಅಖಿಲೀಸನ ಶವವನ್ನು ಹೊತ್ತು ತಂದ ಐಆಸನೇ ದೊಡ್ಡವನೆಂದು ಒಬ್ಬಳು. ಹೊರಿಸುವವರಿದ್ದರೆ ಹೊರೆಯನ್ನು ಹೆಂಗಸೂ ಹೊರುತ್ತಾಳೆ, ಎದುರು ನಿಂತು ಕಾದುವುದು ಬೇರೆಯ ಮಾತು ಎಂದು ಇನ್ನೊಬ್ಬಳು. ಹೀಗೆ ಶತ್ರುಗಳ ಊರಿನ ಒಬ್ಬ ಹುಡುಗಿಯ ಕೊಂಕುಮಾತಿನಿಂದ ಮಹಾವೀರನ ಮಾನ ಹೋಯಿತು! ಕವಿ ಪಿಂಡಾರನಾದರೋ ಗ್ರೀಕರ ಗುಪ್ತಮತವನ್ನೂ ಒಡಿಸ್ಯೂಸನ ನಯವಾದ ನಾಲಗೆಯನ್ನೂ ದೂರುತ್ತಾನೆ. ರೋಮಿನ ಓವಿಡನ ಕೈಗೆ ಬರುವಷ್ಟರಲ್ಲಿ ಅದೇ ವಿಷಯ ಇಬ್ಬರು ವಕೀಲರ ವಾದದಂತೆ ದೀರ್ಘ ಭಾಷಣಗಳಾಗಿಬಿಡುತ್ತದೆ. ನಾಟಕ ಬರೆಯುವವನು ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳುತ್ತಾನೋ ಅದರ ಮೇಲೆ ಐಆಸನ ದುಃಖದ ಬಣ್ಣವೇ ಬದಲಾಗುತ್ತದೆ. ಮೋಸಹೋದವನ ದುಃಖ ಬೇರೆ, ನಗೆಪಾಟಲಾದವನ ದುಃಖ ಬೇರೆ.

ಪದರಗಳನ್ನು ನೋಡದೆ ಬೆರೆಸಿದರೆ ಆಗುವ ತೊಡಕಿಗೆ ಒಂದು ನಿದರ್ಶನ. ಹೆರಾಕ್ಲೀಸ್ ಶಿಶುವನ್ನು ತನ್ನ ಸಿಂಹಚರ್ಮದಲ್ಲಿ ಸುತ್ತಿದ್ದರಿಂದ ಐಆಸನ ಮೈಗೆ ಆಯುಧ ತಾಗುತ್ತಿರಲಿಲ್ಲವೆಂದು ಒಂದು ಕಥೆ. ಈಸ್ಕಿಲಸನ ಕಳೆದುಹೋದ ನಾಟಕವೊಂದರಲ್ಲಿ, ಅವನು ಖಡ್ಗದ ಮೇಲೆ ಬಿದ್ದಾಗ ಅದು ಬಿಲ್ಲಿನಂತೆ ಬಾಗಿತು, ಕೊನೆಗೆ ದೇವತೆಯೊಬ್ಬಳು ಮರ್ಮಸ್ಥಾನವನ್ನು ತೋರಿಸಬೇಕಾಯಿತು ಎಂದಿತ್ತು. ಸಾಫೋಕ್ಲೀಸನ ಐಆಸನಿಗೆ ಇಂತಹ ಕವಚವಿಲ್ಲ. ಅವನು ಎಲ್ಲರಂತೆ ಸಾಯಬಲ್ಲವನು, ಆದ್ದರಿಂದಲೇ ನಮಗೆ ಹತ್ತಿರದವನು. ನನ್ನ ಶಿಷ್ಯೆ ಮೊದಲ ಅಂಕದಲ್ಲಿ ಸಿಂಹಚರ್ಮವನ್ನೂ ತಂದಿದ್ದಳು, ಸಾಫೋಕ್ಲೀಸನ ಆತ್ಮಹತ್ಯೆಯನ್ನೂ ಯೋಜಿಸಿದ್ದಳು. ಎರಡೂ ಪುರಾತನವೇ, ಆದರೆ ಒಂದೇ ಮನೆಯಲ್ಲಿ ಬಾಳಲಾರವು. ಇನ್ನು ಟ್ರಾಯಿನಲ್ಲಿ ಐಆಸ್ ಎಂಬ ಹೆಸರಿನವರು ಇಬ್ಬರು. ಲೋಕ್ರಿಸಿನವನ ದುಷ್ಕೃತ್ಯಗಳನ್ನು ಸಲಾಮಿಸಿನವನ ಲೆಕ್ಕಕ್ಕೆ ಬರೆದ ಲೇಖಕರನ್ನೂ ನಾನು ನೋಡಿದ್ದೇನೆ.

ಹೆಸರಿನ ಮಾತು ಬಂತು. ಏಜಾಕ್ಸ್ ಎಂಬುದು ಲ್ಯಾಟಿನ್ ರೂಪದ ಇಂಗ್ಲಿಷ್ ಉಚ್ಚಾರಣೆ. ಗ್ರೀಕಿನ ‘ಐಆಸ್’ ಎಂಬ ಹೆಸರಿನೊಳಗೇ ‘ಐಆಯ್’ ಎಂಬ ಗೋಳಿನ ಕೂಗಿದೆಯೆಂದು ಸಾಫೋಕ್ಲೀಸನ ನಾಯಕನೇ ಹಲುಬುತ್ತಾನೆ. ನಮ್ಮ ‘ಅಯ್ಯೋ’ಗೆ ಇದೆಷ್ಟು ಹತ್ತಿರ! ಏಜಾಕ್ಸ್ ಎಂದು ಬರೆದರೆ ಆ ಕೂಗು ಕೇಳಿಸುವುದೇ ಇಲ್ಲ.

ಪುಸ್ತಕಗಳೆಲ್ಲಿ ಎಂದು ಕೇಳುವವರಿದ್ದಾರೆ. ಎಡಪುಟದಲ್ಲಿ ಮೂಲ, ಬಲಪುಟದಲ್ಲಿ ಇಂಗ್ಲಿಷ್ ಅನುವಾದವಿರುವ ಲೋಬ್ ಮಾಲೆಯ ಹಸಿರು ರಟ್ಟಿನ ಸಂಪುಟಗಳು ಗ್ರೀಕ್ ಲೇಖಕರಿಗೆ ಮೀಸಲು. ಅವುಗಳಲ್ಲಿ ಫ್ರೇಜರ್ ೧೯೨೧ರಲ್ಲಿ ಸಂಪಾದಿಸಿದ ಅಪೊಲೊಡೋರಸನ ಪುರಾಣಸಂಗ್ರಹದ ಅಡಿಟಿಪ್ಪಣಿಗಳು, ಯಾವ ಕಥೆ ಯಾವ ಲೇಖಕನಲ್ಲಿದೆಯೆಂಬುದಕ್ಕೆ ಇಂದಿಗೂ ಒಳ್ಳೆಯ ದಾರಿ ತೋರುತ್ತವೆ. ರಾಬರ್ಟ್ ಗ್ರೇವ್ಸ್ ೧೯೫೫ರಲ್ಲಿ ಹೊರತಂದ ಗ್ರೀಕ್ ಪುರಾಣಗಳ ಗ್ರಂಥ ಸೊಗಸಾದುದು. ಆದರೆ ಅವನ ವ್ಯಾಖ್ಯಾನಗಳು ಕವಿಯ ವ್ಯಾಖ್ಯಾನಗಳು, ಎಚ್ಚರಿಕೆಯಿಂದ ಓದತಕ್ಕವು. ಗ್ರಂಥಗಳಷ್ಟೇ ಮುಖ್ಯವಾದವು ಮಡಕೆಗಳು. ಕ್ರಿ.ಪೂ. ಆರನೆಯ ಶತಮಾನದ ಎಕ್ಸೀಕಿಯಸನೆಂಬ ಕುಶಲಿಯ ಒಂದು ಕಲಶ ಫ್ರಾನ್ಸಿನ ಬುಲೋನ್ ನಗರದಲ್ಲಿದೆ. ಉಳಿದ ಚಿತ್ರಕಾರರು ಖಡ್ಗಕ್ಕೆ ಬಿದ್ದ ದೇಹವನ್ನು ಬರೆದರೆ, ಇವನು ಅದಕ್ಕೆ ಹಿಂದಿನ ಕ್ಷಣವನ್ನು ಬರೆದಿದ್ದಾನೆ: ಐಆಸ್ ಒಬ್ಬನೇ ಕುಕ್ಕರಿಸಿ ಕುಳಿತು, ಖಡ್ಗದ ಹಿಡಿಯನ್ನು ಮಣ್ಣಿನಲ್ಲಿ ನೆಟ್ಟು, ಗಿಡ ನೆಡುವವನಂತೆ ಸುತ್ತಲಿನ ಮಣ್ಣನ್ನು ಅದುಮುತ್ತಿದ್ದಾನೆ. ಆ ಚಿತ್ರದ ಪ್ರತಿಯನ್ನು ನೋಡಿ ಆಕೆ ಬಹಳ ಹೊತ್ತು ಮಾತಾಡಲಿಲ್ಲ.

ಇನ್ನೊಂದು ಸಂಗತಿ. ನಾವು ‘ವೀರ’ ಎಂದು ಅನುವಾದಿಸುವ ಗ್ರೀಕ್ ಶಬ್ದಕ್ಕೆ ಪರಾಕ್ರಮಿ ಎಂಬಷ್ಟೇ ಅರ್ಥವಲ್ಲ. ಸತ್ತ ಮೇಲೂ ಸಮಾಧಿಯಿಂದ ಕಾಯುವ, ಕೆರಳಿದರೆ ಕಾಡುವ ಶಕ್ತಿ ಎಂದೂ ಅರ್ಥ. ಊರಿನ ಅಂಚಿನ ವೀರಗಲ್ಲಿಗೆ ಎಣ್ಣೆಯಿಟ್ಟು ಕೈಮುಗಿಯುವುದನ್ನು ಕಂಡ ನಮಗೆ ಇದು ತಿಳಿಯದ ವಿಷಯವೇನಲ್ಲ. ಕ್ರಿ.ಪೂ. ೪೮೦ರಲ್ಲಿ ಸಲಾಮಿಸ್ ಕದನಕ್ಕೆ ಮುನ್ನ ಗ್ರೀಕರು ಐಆಸನನ್ನೂ ಅವನ ತಂದೆ ಟೆಲಮೋನನನ್ನೂ ನೆರವಿಗೆ ಕರೆದರೆಂದೂ, ಗೆದ್ದ ಮೇಲೆ ಶತ್ರುಗಳಿಂದ ಹಿಡಿದ ಹಡಗೊಂದನ್ನು ಅವನಿಗೆ ಅರ್ಪಿಸಿದರೆಂದೂ ಹೆರೊಡೋಟಸ್ ಬರೆಯುತ್ತಾನೆ. ಅಥೆನ್ಸಿನ ಹತ್ತು ಗಣಗಳಲ್ಲಿ ಒಂದಕ್ಕೆ ಅವನದೇ ಹೆಸರು. ಟ್ರಾಯ್ ತೀರದಲ್ಲಿದ್ದ ಅವನ ಗೋರಿಯನ್ನು ಸಮುದ್ರ ಕೊರೆದಾಗ ಒಳಗೆ ಕಂಡ ಮಂಡಿಚಿಪ್ಪು ಬಾಲಕರು ಎಸೆಯುವ ಚಕ್ರದಷ್ಟು ದೊಡ್ಡದಿತ್ತೆಂದು ಪಾಸೇನಿಯಾಸನಿಗೆ ಯಾರೋ ಹೇಳಿದ್ದರು. ಅದೇ ಗೋರಿಗೆ, ಒಡಿಸ್ಯೂಸನ ಹಡಗು ಒಡೆದಾಗ, ಅಖಿಲೀಸನ ಆಯುಧಗಳು ತೇಲಿಬಂದು ಸೇರಿದುವೆಂದೂ ಆ ಪ್ರಾಂತದ ಜನ ಹೇಳುತ್ತಿದ್ದರು. ಮನುಷ್ಯರ ತೀರ್ಪನ್ನು ಸಮುದ್ರ ತಿದ್ದಿತು! ಹೀಗೆ ಪೂಜೆಗೊಳ್ಳುತ್ತಿದ್ದವನ ಶವಕ್ಕೆ ಸಂಸ್ಕಾರವಿಲ್ಲವೆಂದು ರಾಜರು ಆಜ್ಞೆಮಾಡುವುದನ್ನು ಅಥೆನ್ಸಿನ ಪ್ರೇಕ್ಷಕರು ಸಾಫೋಕ್ಲೀಸನ ನಾಟಕದಲ್ಲಿ ನೋಡಿದಾಗ ಅವರಿಗೆ ಏನನ್ನಿಸಿರಬೇಕೆಂಬುದನ್ನು ಊಹಿಸದೆ ಆ ನಾಟಕದ ಉತ್ತರಾರ್ಧ ಅರ್ಥವಾಗದು.

ಕನ್ನಡಕ್ಕೆ ಈ ನಾಟಕ ಹೊಸದಲ್ಲವೆಂಬುದು ತಮಗೆಲ್ಲ ತಿಳಿದೇ ಇದೆ. ಬಿ.ಎಂ.ಶ್ರೀ.ಯವರು ೧೯೨೯ರಲ್ಲಿ ಪ್ರಕಟಿಸಿದ ‘ಅಶ್ವತ್ಥಾಮನ್’ ಇದರದೇ ರೂಪಾಂತರ. ಚಿರಂಜೀವಿಯೆಂದು ನಾವು ನಿತ್ಯ ನೆನೆಯುವ ಅಶ್ವತ್ಥಾಮನನ್ನು ಅವರು ರಂಗದ ಮೇಲೆ ಸಾಯಿಸಿದರು. ನನ್ನ ಕೆಂಪು ಶಾಯಿ ಅಂದು ಅವರ ಹಸ್ತಪ್ರತಿಗೆ ಸಿಕ್ಕಿದ್ದರೆ ಏನಾಗುತ್ತಿತ್ತೋ!

ಇನ್ನು ಟೆಕ್ಮೆಸ್ಸ. ‘ಇಲಿಯಡ್’ನಲ್ಲಿ ಐಆಸನಿಗೆ ಬಂದ ಬಹುಮಾನವೆಂಬ ಪ್ರಸ್ತಾಪ ಒಂದೆಡೆ ಇದೆಯೇ ಹೊರತು ಅವಳ ಹೆಸರಿಲ್ಲ. ಸಾಫೋಕ್ಲೀಸನಲ್ಲಿ ಅವಳು ಫ್ರಿಜಿಯದ ಟೆಲ್ಯೂಟಾಸನ ಮಗಳು. ತನ್ನ ನಾಡನ್ನು ಹಾಳುಮಾಡಿದವನ ಎದುರಿಗೇ ನಿಂತು, ನಿನ್ನ ಹೊರತು ನನಗೆ ನೆಲೆಯಿಲ್ಲ, ಸಾಯಬೇಡ ಎಂದು ಬೇಡುವ ಅವಳ ಭಾಷಣಕ್ಕೆ ಸಮನಾದುದು ಆ ನಾಟಕದಲ್ಲಿ ಕಡಿಮೆ. ೧೪೨೦ ಸಾಲುಗಳ ನಾಟಕದಲ್ಲಿ ೮೬೫ನೆಯ ಸಾಲಿಗೆ ಐಆಸ್ ಸಾಯುತ್ತಾನೆ. ಶವವನ್ನು ಮೊದಲು ಕಾಣುವವಳು, ಮೇಲುಹೊದಿಕೆ ಹೊದಿಸುವವಳು ಟೆಕ್ಮೆಸ್ಸ. ಸ್ವಲ್ಪ ಹೊತ್ತು ಗೋಳಾಡಿ ಮಗುವನ್ನು ಕರೆತರಲು ಹೋಗುತ್ತಾಳೆ. ಮಗುವಿನೊಡನೆ ಹಿಂದಿರುಗಿ ಶವದ ಬಳಿ ಇರುತ್ತಾಳೆ. ಆದರೆ ಕೊನೆಯ ಸುಮಾರು ೪೫೦ ಸಾಲುಗಳಲ್ಲಿ ಅವಳಿಗೆ ಒಂದು ಮಾತೂ ಇಲ್ಲ.

ಇದಕ್ಕೊಂದು ಸರಳವಾದ ಕಾರಣವುಂಟು. ಗ್ರೀಕ್ ರುದ್ರನಾಟಕದಲ್ಲಿ ಮಾತನಾಡುವ ನಟರು ಮೂವರೇ. ಕೊನೆಯಲ್ಲಿ ಐಆಸನ ಮಲತಮ್ಮ ಟ್ಯೂಕರ್, ಆಗಮೆಮ್ನನ್, ಒಡಿಸ್ಯೂಸ್ ಮೂವರೂ ಮಾತನಾಡಬೇಕು. ಟೆಕ್ಮೆಸ್ಸಳ ಪಾತ್ರಧಾರಿ ವೇಷ ಬದಲಿಸಿ ಅವರಲ್ಲೊಬ್ಬನಾಗಿದ್ದಾನೆ. ಅವಳ ಮುಖವಾಡವನ್ನು ಧರಿಸಿ ಕುಳಿತವನು ಒಬ್ಬ ಮೂಕಪಾತ್ರಧಾರಿ. ಮಗ ಯೂರಿಸಾಕೀಸನ ಕಥೆ ಮುಂದುವರಿಯುತ್ತದೆ. ಅವನು, ಇಲ್ಲವೆ ಅವನ ಮಗ, ಸಲಾಮಿಸ್ ದ್ವೀಪವನ್ನು ಅಥೆನ್ಸಿಗೆ ಒಪ್ಪಿಸಿದನಂತೆ. ಮೆಗಾರದವರೊಡನೆ ಆ ದ್ವೀಪಕ್ಕಾಗಿ ಕಾದುತ್ತಿದ್ದ ಅಥೆನ್ಸಿಗೆ ಇಂತಹ ಕಥೆ ಬೇಕೂ ಆಗಿತ್ತು. ಅವನಿಗೆ ಅಲ್ಲೊಂದು ಗುಡಿಯೂ ಇತ್ತು. ದಾನದ ಆ ಕಥೆಯಲ್ಲಿ ತಾಯಿಯ ಸುದ್ದಿಯಿಲ್ಲ.

“ಹಾಗಾದರೆ ಆ ೪೫೦ ಸಾಲು ನನ್ನದು” ಎಂದಳು ನನ್ನ ಶಿಷ್ಯೆ. ಅದು ಅವಳದೇ. ಈಗ ಎರಡನೆಯ ಅಂಕ ಮುಗಿದಿದೆ. ನಾನು ಪೆನ್ಸಿಲಿನಲ್ಲಿ ಸಾಲುಗಳ ಸಂಖ್ಯೆಯನ್ನಷ್ಟೇ ಗುರುತು ಹಾಕಿ ಕೊಡುತ್ತೇನೆ. ಹೋದ ತಿಂಗಳು ಒಂದು ಕಾಗದ ಬಂತು. ಶವದ ಮುಂದೆ ಮಗುವಿನ ಕೈಯಲ್ಲಿ ಟ್ಯೂಕರನ, ತಾಯಿಯ, ಅವನದೇ ಕೂದಲಿನ ಎಳೆಗಳನ್ನು ಇರಿಸುವ ಸಂದರ್ಭವಿದೆಯಲ್ಲ. ಟೆಕ್ಮೆಸ್ಸಳ ಕೂದಲನ್ನು ಯಾವುದರಿಂದ ಕತ್ತರಿಸಿದರು ಎಂದು ಕೇಳಿದ್ದಳು. ಹೆಕ್ಟರ್ ಕೊಟ್ಟ ಖಡ್ಗದ ಮೇಲೆಯೇ ಐಆಸ್ ಬಿದ್ದದ್ದು. ಅವನು ಕೊಟ್ಟ ನಡುಪಟ್ಟಿಯಿಂದಲೇ ಹೆಕ್ಟರನನ್ನು ರಥಕ್ಕೆ ಬಿಗಿದು ಎಳೆದದ್ದೆಂದು ಟ್ಯೂಕರ್ ಹೇಳುತ್ತಾನೆ, ಹೋಮರನಲ್ಲಿ ಹಾಗಿಲ್ಲದಿದ್ದರೂ. ಆ ಖಡ್ಗವನ್ನೇ ಟೆಕ್ಮೆಸ್ಸಳ ಕೈಗೆ ಕೊಡಬಹುದೇ ಎಂಬುದು ಆಕೆಯ ಪ್ರಶ್ನೆ. ನಾನು ನಾಟಕವನ್ನು ಮತ್ತೆ ತೆಗೆದು ನೋಡಿದೆ. ಕತ್ತರಿಸಿದ ಅಲಗು ಯಾವುದೆಂದು ಸಾಫೋಕ್ಲೀಸ್ ಹೇಳಿಲ್ಲ. ಹಾಗೆಂದು ಅಂದೇ ಉತ್ತರ ಬರೆದು ಅಂಚೆಗೆ ಹಾಕಿದೆ.