ಕಾಗದದ ಮೇಲಿನ ಹೆಸರು, ಕಂಟೇನರಿನೊಳಗಿನ ಕಸ

ಕೆಟ್ಟುಹೋದ ಕಂಪ್ಯೂಟರಾಗಲಿ, ಬಿಚ್ಚಿದ ಮೊಬೈಲಿನ ಬಿಡಿಭಾಗವಾಗಲಿ, ಇ-ತ್ಯಾಜ್ಯ ಎನಿಸಿಕೊಳ್ಳುವ ಯಾವ ವಸ್ತುವೂ, ಅಪಾಯಕಾರಿಯಾಗಿರಲಿ ಇಲ್ಲದಿರಲಿ, ಅದನ್ನು ಬರಮಾಡಿಕೊಳ್ಳುವ ದೇಶದ ಒಪ್ಪಿಗೆಯನ್ನು ಮುಂಚಿತವಾಗಿ ಪಡೆಯದೆ ಗಡಿ ದಾಟುವಂತಿಲ್ಲವೆಂಬ ನಿಯಮ ಬಾಸೆಲ್ ಒಪ್ಪಂದದ ಸದಸ್ಯ ದೇಶಗಳ ನಡುವೆ 2025ರ ಜನವರಿ 1ರಿಂದ ಜಾರಿಯಲ್ಲಿದೆ. 2022ರಲ್ಲಿ ಅಂಗೀಕಾರವಾದ ಈ ತಿದ್ದುಪಡಿಯನ್ನು ಮುಂದಿಟ್ಟ ದೇಶಗಳು ಘಾನಾ ಮತ್ತು ಸ್ವಿಟ್ಜರ್ಲೆಂಡ್. ಅನ್ಯರ ಹಳೆಯ ಟಿ.ವಿ.ಗಳ ರಾಶಿಯನ್ನು ಹೊತ್ತ ದೇಶವೂ ಶ್ರೀಮಂತ ಯುರೋಪಿನ ದೇಶವೂ ಒಟ್ಟಿಗೆ ಕೂತು ಒಂದೇ ಕರಡನ್ನು ಬರೆಯುವ ಹಂತಕ್ಕೆ ಬರಲು ಮೂರು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ಆ ಕಾಲದುದ್ದಕ್ಕೂ ವಾದವೆಲ್ಲ ಸುತ್ತಿದ್ದು ಕಸಕ್ಕೆ ಯಾವ ಹೆಸರಿಡಬೇಕೆಂಬುದರ ಸುತ್ತಲೇ.

ಹೆಸರು ಬದಲಿಸುವ ಈ ಕಲೆ ಇ-ತ್ಯಾಜ್ಯಕ್ಕಿಂತ ಹಳೆಯದು. ಅಮೆರಿಕದ ಫಿಲಡೆಲ್ಫಿಯಾ ನಗರದ ಕಸ ಸುಟ್ಟ ಬೂದಿಯನ್ನು, ಸುಮಾರು 14,000 ಟನ್ನುಗಳಷ್ಟನ್ನು, 1986ರಲ್ಲಿ ತುಂಬಿಕೊಂಡು ಹೊರಟ ‘ಖಿಯಾನ್ ಸೀ’ ಎಂಬ ಹಡಗು ಹಲವು ಬಂದರುಗಳಲ್ಲಿ ತಿರಸ್ಕಾರಕ್ಕೊಳಗಾಗಿ, ಕೊನೆಗೆ ಹೈಟಿಯ ಕಡಲತೀರದಲ್ಲಿ ಸುಮಾರು 4,000 ಟನ್ ಬೂದಿಯನ್ನು ‘ಗೊಬ್ಬರ’ವೆಂದು ಹೇಳಿ ಸುರಿದುಹೋಯಿತು. ಉಳಿದ ಬೂದಿ ಸಮುದ್ರದ ಪಾಲಾಯಿತು. ಅಷ್ಟರಲ್ಲಿ ಹಡಗೂ ತನ್ನ ಹೆಸರನ್ನು ಬದಲಿಸಿಕೊಂಡಿತ್ತು. ನೈಜೀರಿಯಾದ ಕೊಕೊ ಎಂಬಲ್ಲಿ ಇಟಲಿಯ ವಿಷತ್ಯಾಜ್ಯದ ಪೀಪಾಯಿಗಳು 1988ರಲ್ಲಿ ಪತ್ತೆಯಾದಾಗ ಆಫ್ರಿಕಾದ ಆಕ್ರೋಶ ತಾರಕಕ್ಕೇರಿತು. ಅಪಾಯಕಾರಿ ತ್ಯಾಜ್ಯದ ಅಂತರರಾಷ್ಟ್ರೀಯ ಸಾಗಾಟವನ್ನು ನಿಯಂತ್ರಿಸುವ ಬಾಸೆಲ್ ಒಪ್ಪಂದ 1989ರ ಮಾರ್ಚಿನಲ್ಲಿ ರೂಪುಗೊಂಡು 1992ರಲ್ಲಿ ಜಾರಿಗೆ ಬಂದಿತು. ಭಾರತ ಅದೇ ವರ್ಷ ಸದಸ್ಯನಾಯಿತು. ಅಮೆರಿಕ ಸಹಿ ಹಾಕಿತಾದರೂ ಇಂದಿಗೂ ಅದನ್ನು ಅನುಮೋದಿಸಿಲ್ಲ.

ಕಾನೂನು ಬಂದ ಕೂಡಲೇ ‘ಗೊಬ್ಬರ’ದ ಜಾಗದಲ್ಲಿ ‘ಮರುಬಳಕೆಗಾಗಿ’ ಎಂಬ ಪದ ಬಂದು ಕೂತಿತು. ಎಸೆಯುವುದಕ್ಕಲ್ಲ, ಲೋಹ ತೆಗೆಯುವುದಕ್ಕೆ ಕಳಿಸುತ್ತಿದ್ದೇವೆಂದು ಹೇಳಿದರೆ ರಫ್ತು ಸುಗಮವಾಗುತ್ತಿತ್ತು. ಈ ಬಾಗಿಲನ್ನು ಮುಚ್ಚಲೆಂದೇ, ಶ್ರೀಮಂತ ರಾಷ್ಟ್ರಗಳಿಂದ ಉಳಿದ ರಾಷ್ಟ್ರಗಳಿಗೆ ಮರುಬಳಕೆಯ ಹೆಸರಿನಲ್ಲೂ ಅಪಾಯಕಾರಿ ತ್ಯಾಜ್ಯ ಹೋಗಕೂಡದೆಂಬ ನಿಷೇಧ ತಿದ್ದುಪಡಿಯನ್ನು 1995ರಲ್ಲಿ ಅಂಗೀಕರಿಸಲಾಯಿತು. ಅದು ಜಾರಿಗೆ ಬಂದದ್ದು ಮಾತ್ರ 2019ರ ಡಿಸೆಂಬರಿನಲ್ಲಿ. ಆ ಇಪ್ಪತ್ನಾಲ್ಕು ವರ್ಷಗಳಲ್ಲೇ ಕಂಪ್ಯೂಟರು ಮನೆಮನೆಗೂ ಮೊಬೈಲು ಕೈಕೈಗೂ ಬಂದವೆಂಬುದನ್ನು ಮರೆಯಬಾರದು.

‘ಮರುಬಳಕೆ’ ಎಂಬ ಪದದ ನಿಜವಾದ ಅರ್ಥವನ್ನು ಜಗತ್ತು ಕಂಡದ್ದು ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಗುಯಿಯು ಪಟ್ಟಣದಲ್ಲಿ. ಬಾಸೆಲ್ ಆ್ಯಕ್ಷನ್ ನೆಟ್‌ವರ್ಕ್ ಮತ್ತಿತರ ಸಂಸ್ಥೆಗಳು 2002ರಲ್ಲಿ ಪ್ರಕಟಿಸಿದ ವರದಿ ಅಲ್ಲಿನ ಕೆಲಸವನ್ನು ಬಯಲಿಗಿಟ್ಟಿತು. ಸರ್ಕ್ಯೂಟ್ ಬೋರ್ಡನ್ನು, ಅಂದರೆ ಬಿಡಿಭಾಗಗಳನ್ನು ಬೆಸೆದು ಕೂರಿಸಿದ ಹಸಿರು ಹಲಗೆಯನ್ನು, ಕೆಂಡದ ಒಲೆಯ ಮೇಲೆ ಕಾಯಿಸಿ, ಸೀಸ ಮತ್ತು ತವರದ ಬೆಸುಗೆ ಕರಗುತ್ತಿದ್ದಂತೆ ಚಿಪ್‌ಗಳನ್ನು ಇಕ್ಕಳದಿಂದ ಕಿತ್ತು, ಬಳಿಕ ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣದಲ್ಲಿ ಅದ್ದಿ ಚಿನ್ನ ಬಿಡಿಸಲಾಗುತ್ತಿತ್ತು. ಮಿಕ್ಕ ಆಮ್ಲ ಹೊಳೆಗೆ ಹೋಗುತ್ತಿತ್ತು. ತಾಮ್ರಕ್ಕಾಗಿ ತಂತಿಗಳನ್ನು ಬಯಲಿನಲ್ಲೇ ಸುಡುತ್ತಿದ್ದರು. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಲ್ಲಿನ 165 ಮಕ್ಕಳ ರಕ್ತವನ್ನು ಪರೀಕ್ಷಿಸಿದಾಗ, ಅವರಲ್ಲಿ 135 ಮಕ್ಕಳ ರಕ್ತದಲ್ಲಿ ಸೀಸದ ಅಂಶ ಡೆಸಿಲೀಟರಿಗೆ 10 ಮೈಕ್ರೋಗ್ರಾಮಿನ ಮಿತಿಯನ್ನು ಮೀರಿತ್ತು.

ಚೀನಾ ಬಾಗಿಲು ಬಿಗಿಗೊಳಿಸಿದರೂ ವ್ಯಾಪಾರ ನಿಲ್ಲಲಿಲ್ಲ. ಅದೇ ಬಾಸೆಲ್ ಆ್ಯಕ್ಷನ್ ನೆಟ್‌ವರ್ಕ್ ಅಮೆರಿಕದಲ್ಲಿ ಸುಮಾರು 200 ಹಳೆಯ ಪ್ರಿಂಟರು, ಮಾನಿಟರುಗಳಲ್ಲಿ ಜಿಪಿಎಸ್ ಸಾಧನಗಳನ್ನು ಅಡಗಿಸಿಟ್ಟು ಮರುಬಳಕೆಗೆ ಒಪ್ಪಿಸಿ, 2016ರಲ್ಲಿ ಬಹಿರಂಗಪಡಿಸಿದ ಫಲಿತಾಂಶದ ಪ್ರಕಾರ, ಅವುಗಳಲ್ಲಿ ಸುಮಾರು ಮೂರನೇ ಒಂದು ಭಾಗ ವಿದೇಶಕ್ಕೆ, ಹೆಚ್ಚಾಗಿ ಹಾಂಗ್‌ಕಾಂಗಿಗೆ, ಪ್ರಯಾಣ ಬೆಳೆಸಿತ್ತು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಲೆಕ್ಕಕ್ಕೆ ಸಿಗುವಂತೆ ಸಂಗ್ರಹವಾಗಿ ಮರುಬಳಕೆಯಾದದ್ದು ಅದರಲ್ಲಿ ಶೇ 22.3 ಮಾತ್ರ.

ಹಾಗೆಂದು ಗಡಿ ದಾಟುವುದೆಲ್ಲ ಪಾಪವೆನ್ನುವಂತಿಲ್ಲ. ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ 2005ರಲ್ಲಿ ಆರಂಭವಾದ ‘ಇ-ಪರಿಸರ’ ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕಗಳಲ್ಲೊಂದು. ಉತ್ಪಾದಕನೇ ತನ್ನ ಹಳೆಯ ಸರಕಿಗೆ ಹೊಣೆಯೆಂಬ ನಿಯಮ ದೇಶದಲ್ಲಿ 2012ರ ಮೇ ತಿಂಗಳಲ್ಲಿ ಜಾರಿಗೆ ಬರುವ ಮುನ್ನವೇ ಹುಟ್ಟಿದ್ದು ಅದು. ಆದರೆ ಕೈಯಿಂದ ಬಿಚ್ಚಿ ಬೇರ್ಪಡಿಸುವಲ್ಲಿ ಭಾರತದ ಕೆಲಸಗಾರರು ಎಷ್ಟೇ ನಿಪುಣರಾದರೂ, ಬೋರ್ಡಿನೊಳಗಿನ ಲೋಹಗಳನ್ನು ಹೊಗೆಯನ್ನೂ ಶುದ್ಧೀಕರಿಸುತ್ತ ತೆಗೆಯಬಲ್ಲ ಬೃಹತ್ ಕುಲುಮೆಗಳು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಬೆಲ್ಜಿಯಂನ ಹೋಬೊಕನ್‌ನಲ್ಲಿರುವುದು ಅಂಥದೊಂದು. ಗುಜರಿಯ ಆಮ್ಲದ ತೊಟ್ಟಿ ಚಿನ್ನದ ಬಹುಪಾಲನ್ನು ಕಳೆದುಕೊಳ್ಳುತ್ತದೆ, ಕುಲುಮೆ ಪೆಲೇಡಿಯಂನಂಥ ಅಪರೂಪದ ಲೋಹವನ್ನೂ ಹೊರತೆಗೆಯುತ್ತದೆ. ಆದಕಾರಣ ಭಾರತದ ಕೆಲವು ಅಧಿಕೃತ ಘಟಕಗಳು ಕಳಚಿದ ಬೋರ್ಡುಗಳನ್ನು ಅನುಮತಿ ಪಡೆದು ಯುರೋಪಿಗೆ ಕಳಿಸಿವೆ. ಹಡಗು ಹಿಮ್ಮುಖವಾಗಿ ಸಾಗಿದ ಈ ದಾರಿಯಲ್ಲಿ ಸರಕಿನ ಜೊತೆಗಿನ ಕಾಗದ ಅದನ್ನು ಕರೆದದ್ದು ತ್ಯಾಜ್ಯವೆಂದೇ.